ಸರ್ವೇ ಮರದ ರಾಜ

ರಾಯ್, ಕುವೈತ್
೭ ಫೆಬ್ರವರಿ ೨೦೨೫

ಧನಂಜಯ್ ಸಾರ್ ಅವರಿಗೆ ರಾನ್ಸನ್ ಮಾಡುವ ನಮಸ್ಕಾರಗಳು.

ನನ್ನ ಹೆಸರು ನಿಮಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಉದ್ಯಾವರದ ಇನೆಜ್ ಮೆಂಡೋನ್ಸಾ ಅವರ ಮಗ ಎಂದರೆ ನೆನಪಾಗಬಹುದು. ಆರು ವರ್ಷದಿಂದ ಇಲ್ಲಿ ರಾಯ್‌ನಲ್ಲಿ ಒಂದು ಸೋಫಾ ವರ್ಕ್‌ಶಾಪಿನಲ್ಲಿದ್ದೇನೆ. ಅರಬರ ಮನೆಯ ಚಾವಡಿ, ದಿವಾನಿಯಾಗಳಲ್ಲಿ ಗೋಡೆಯುದ್ದಕ್ಕೂ ಹಾಕುತ್ತಾರಲ್ಲ, ಆ ಉದ್ದುದ್ದ ಸೋಫಾಗಳಿಗೆ ಬಟ್ಟೆ ಹೊಲಿಯುವ ಕೆಲಸ.

ಅಮ್ಮ ಡಿಸೆಂಬರ್ ಒಂಬತ್ತಕ್ಕೆ ತೀರಿಕೊಂಡರು. ಹೋಗುವ ಮೊದಲು ಒಂದು ಮಾತು ಹೇಳಿದ್ದರು. "ಕುವೈತಿನಲ್ಲೇ ಇದ್ದೀಯಲ್ಲ, ಒಮ್ಮೆ ಹೋಗಿ ಇಂಜಿನಿಯರರಿಗೆ ಮುಖ ತೋರಿಸಿ ಬಾ. ಏನೂ ಕೇಳಬೇಡ." ಅಷ್ಟೇ ಹೇಳಿದ್ದು. ಅದಕ್ಕಾಗಿ ಈ ಕಾಗದ.

ಕನ್ನಡ ಸಂಘದ ಸ್ಮರಣಸಂಚಿಕೆಯಲ್ಲಿ ನಿಮ್ಮ ಫೋಟೋ ನೋಡಿದೆ, ಹಿರಿಯ ಸದಸ್ಯರಿಗೆ ಶಾಲು ಹೊದಿಸುವುದು. ಅಬು ಹಲೀಫಾದಲ್ಲಿ ನಿಮ್ಮ ಬಿಲ್ಡಿಂಗ್ ಯಾವುದೆಂದು ಅಲ್ಲಿಂದ ತಿಳಿಯಿತು. ಕಳೆದ ಶುಕ್ರವಾರ ಅಹ್ಮದಿಯ ಚರ್ಚಿನಲ್ಲಿ ಪೂಜೆ ಮುಗಿಸಿ ನಿಮ್ಮ ಮನೆಗೆ ಹೊರಟವನು ಲಿಫ್ಟಿನ ತನಕ ಬಂದು ತಿರುಗಿ ಹೋದೆ. ಹೇಳದೆ ಕೇಳದೆ ಬರುವುದು ಸರಿಯಲ್ಲ ಅನ್ನಿಸಿತು. ಕೆಳಗಿನ ಬಕಾಲಾದ ಮೊಯ್ದೀನ್ ಕುಂಞಿಯವರು ನಮ್ಮ ಕಡೆಯವರೇ ಎಂದು ಮಾತಿನಲ್ಲಿ ಗೊತ್ತಾಯಿತು. ಅವರ ಅಂಗಡಿಯಲ್ಲಿ ಇದನ್ನು ಕೊಟ್ಟು ಹೋಗುತ್ತೇನೆ.

ಹತ್ತು ನಿಮಿಷ ಸಾಕು ಸಾರ್. ನನ್ನ ಫೋನ್ ನಂಬರು ಹಿಂದೆ ಬರೆದಿದ್ದೇನೆ.

ನಿಮ್ಮ ವಿಧೇಯ,
ರಾನ್ಸನ್

*

ಅಬು ಹಲೀಫಾ
೨೧ ಫೆಬ್ರವರಿ ೨೦೨೫

ಶ್ರೀ ರಾನ್ಸನ್ ಅವರಿಗೆ,

ನನ್ನ ತಂದೆಗೆ ಬರುವ ಕಾಗದಗಳನ್ನು ಓದುವವಳು ನಾನು. ಕಾರಣ ನಿಮಗೆ ಬೇಕಿಲ್ಲ.

ನಾನು ಮಿರ್ಕಾಬಿನ ಬ್ಯಾಂಕೊಂದರಲ್ಲಿ ಹದಿನಾರು ವರ್ಷದಿಂದ ಸಹಿಗಳನ್ನು ತಾಳೆ ನೋಡುತ್ತಿದ್ದೇನೆ. ತಪ್ಪು ತಪ್ಪಾಗಿ ಗೀಚಿದ ಸಹಿ ಸಾಮಾನ್ಯವಾಗಿ ಅಸಲಿಯಾಗಿರುತ್ತದೆ. ನಕಲು ಮಾಡುವವರು ಅವಸರ ಮಾಡುವುದಿಲ್ಲ, ಅಂದವಾಗಿ ಬರೆಯುತ್ತಾರೆ. ನಿಮ್ಮ ಅಕ್ಷರ ಬಹಳ ಅಂದವಾಗಿದೆ.

ಮೂರು ಪ್ರಶ್ನೆಗಳು. ನಿಮ್ಮ ತಾಯಿಗೂ ನನ್ನ ತಂದೆಗೂ ಪರಿಚಯವಾದದ್ದು ಎಲ್ಲಿ, ಯಾವಾಗ? ನಿಮ್ಮ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಏನಿದೆ? ಆರು ವರ್ಷದಿಂದ ಇಲ್ಲೇ ಇದ್ದವರಿಗೆ ಈಗ ಏಕೆ ಅವಸರವಾಯಿತು?

ಫೋನ್ ಮಾಡಬೇಡಿ. ಮನೆಗೆ ಬರಬೇಡಿ. ಏನಿದ್ದರೂ ಬರೆದು ಬಕಾಲಾದಲ್ಲಿ ಕೊಡಿ. ಆಡಿದ ಮಾತನ್ನು ಆಡಿಲ್ಲ ಎನ್ನಬಹುದು, ಬರೆದದ್ದು ನನ್ನ ಕಪಾಟಿನಲ್ಲಿರುತ್ತದೆ. ನಿಮ್ಮ ನಂಬರು ಇದ್ದ ಭಾಗವನ್ನು ಹರಿದು ಹಾಕಿದ್ದೇನೆ.

ಇಂತಿ,
ಬೃಂದಾ ಧನಂಜಯ್

*

ರಾಯ್
೧೪ ಮಾರ್ಚ್ ೨೦೨೫

ಬೃಂದಾ ಮೇಡಂ ಅವರಿಗೆ,

ರಂಜಾನ್ ಆದ್ದರಿಂದ ಹಬ್ಬದೊಳಗೆ ಸೋಫಾ ಬೇಕು ಎಂದು ಎಲ್ಲರೂ ಕುತ್ತಿಗೆಯ ಮೇಲೆ ಕೂತಿದ್ದಾರೆ. ಉತ್ತರ ತಡವಾಯಿತು, ಬೇಸರ ಮಾಡಬೇಡಿ. ನನ್ನ ಅಕ್ಷರ ಅಂದ ಇರುವುದು ಕಾನ್ವೆಂಟಿನ ಸಿಸ್ಟರ್ ಬೆತ್ತದಿಂದ. ಅದಕ್ಕೆ ನಾನೇನು ಮಾಡಲಿ?

ಪರಿಚಯವಾದದ್ದು ತೊಂಬತ್ತರ ಯುದ್ಧದ ಸಮಯದಲ್ಲಿ. ಅಮ್ಮ ಫಹಾಹೀಲಿನ ಕ್ಲಿನಿಕ್ ಒಂದರಲ್ಲಿ ಆಯಾ ಆಗಿದ್ದರು. ಇರಾಕಿನವರು ಒಳಗೆ ನುಗ್ಗಿದ ಮೇಲೆ ಊರಿಗೆ ಹೋಗುವವರನ್ನೆಲ್ಲ ಬಸ್ಸಿನಲ್ಲಿ ಬಾಗ್ದಾದಿಗೆ, ಅಲ್ಲಿಂದ ಅಮ್ಮಾನಿಗೆ ಕರೆದುಕೊಂಡು ಹೋದರಲ್ಲ. ಅದೇ ಬಸ್ಸಿನಲ್ಲಿ ನಿಮ್ಮ ತಂದೆಯವರೂ ಇದ್ದರಂತೆ. ಮರುಭೂಮಿಯಲ್ಲಿ ಡೇರೆ ಹಾಕಿ ವಿಮಾನಕ್ಕೆ ಕಾದರಂತೆ. ಅಮ್ಮ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರು ಮತ್ತೆ ಗಲ್ಫಿಗೆ ಬರಲಿಲ್ಲ. ನಾನು ಹುಟ್ಟಿದ್ದು ತೊಂಬತ್ತೊಂದರ ಜುಲೈ.

ಪಾಸ್‌ಪೋರ್ಟಿನಲ್ಲಿ ತಂದೆಯ ಜಾಗದಲ್ಲಿ ಅಮ್ಮನ ಅಣ್ಣ ಕಜೆಟನ್ ಅವರ ಹೆಸರು ಉಂಟು. ಅದನ್ನು ಬರೆಸಿದ್ದು ಅವರೇ. "ಜಾಗ ಖಾಲಿ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ" ಎಂದರಂತೆ.

ಈಗ ಏಕೆ ಎಂದು ಕೇಳಿದಿರಿ. ಅಮ್ಮ ಇರುವಾಗ ಬೇಡ ಎಂದಿದ್ದರು. ಈಗ ಹೋಗು ಎಂದು ಹೇಳಿ ಹೋದರು.

ನಿಮ್ಮ ತಂದೆಯವರನ್ನು ನಾನು ಮೂರು ಸಲ ನೋಡಿದ್ದೇನೆ, ತೊಂಬತ್ತಾರರಲ್ಲಿ. ನನಗೆ ಐದು ವರ್ಷ. ಮಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇಂಜಿನಿಯರ್ ಮಾಮ ಎಂದು ಕರೆ ಎಂದಿದ್ದರು ಅಮ್ಮ. ಅವರು ನನ್ನನ್ನು ಸಮುದ್ರದ ಹತ್ತಿರ ಕೂರಿಸಿಕೊಂಡು ಒಂದು ರಾಜನ ಕಥೆ ಹೇಳುತ್ತಿದ್ದರು. ಟೋಂಗಾ ಎಂಬ ದ್ವೀಪದ ರಾಜ. ಮೂರು ಸಲವೂ ಅದೇ ಕಥೆ. ನಾಲ್ಕನೇ ಸಲ ಬರಲೇ ಇಲ್ಲ.

ನನಗೆ ನೆನಪಿರುವುದು ಇಷ್ಟೇ ಮೇಡಂ.

ನಿಮ್ಮ,
ರಾನ್ಸನ್

*

ಅಬು ಹಲೀಫಾ
೨೮ ಮಾರ್ಚ್ ೨೦೨೫

ಶ್ರೀ ರಾನ್ಸನ್ ಅವರಿಗೆ,

ನೀವು ಬಹಳ ಜಾಣರು. ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳದೆ ಅದರ ಸುತ್ತ ಒಂದು ಪುಟ ಬರೆದಿದ್ದೀರಿ. ನಾನೇ ಹೇಳಲಿ ಎಂದು ಕಾಯುತ್ತಿದ್ದೀರೇನೋ. ನಾನು ಹೇಳುವುದಿಲ್ಲ.

ತೊಂಬತ್ತಾರರಲ್ಲಿ ನನ್ನ ತಂದೆ ಮಂಗಳೂರಿಗೆ ಹೋಗಿದ್ದು ನಿಜ, ಕಂಪನಿಯ ಕೆಲಸಕ್ಕೆ. ಅದನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಯುದ್ಧದಲ್ಲಿ ಆ ದಾರಿಯಲ್ಲಿ ಹೋದವರು ಒಂದು ಲಕ್ಷಕ್ಕಿಂತ ಹೆಚ್ಚು ಜನ, ಅದೂ ಎಲ್ಲರಿಗೂ ಗೊತ್ತಿರುವುದೇ. ಆಗ ನಾನೂ ಅಮ್ಮನೂ ರಜಕ್ಕೆಂದು ಮಂಡ್ಯದಲ್ಲಿದ್ದೆವು. ನನ್ನ ತಾಯಿ ಅನಸೂಯಮ್ಮ ಎರಡು ತಿಂಗಳು ರೇಡಿಯೋ ಪಕ್ಕದಿಂದ ಏಳಲಿಲ್ಲ. ಅವರು ಈಗಿಲ್ಲ. ಇದ್ದಿದ್ದರೆ ನಿಮ್ಮ ಕಾಗದಕ್ಕೆ ಉತ್ತರ ಬರೆಯುವ ಕೆಲಸ ನನಗೆ ಬರುತ್ತಿರಲಿಲ್ಲ.

ಟೋಂಗಾದ ಕಥೆ ಎಂದಿರಿ. ಅಪ್ಪನಿಗೆ ಅದನ್ನು ಹೇಳಿದವನು ಸಿಯೋನೆ ಎಂಬ ಟೋಂಗಾದವನು, ಬಂದರಿನಲ್ಲಿ ಟಗ್ ಬೋಟಿನ ಮೇಲಿದ್ದ. ಅಪ್ಪ ಅದನ್ನು ಸಂಘದಲ್ಲೂ ನಾಲ್ಕು ಜನರಿಗೆ ಹೇಳಿರಬಹುದು, ಮೊಯ್ದೀನ್ ಕುಂಞಿಯವರಿಗೂ ಹೇಳಿರಬಹುದು. ಹಾಗಾಗಿ ಒಂದು ಕೆಲಸ ಮಾಡಿ. ಆ ಕಥೆಯನ್ನು ಪೂರ್ತಿ ಬರೆದು ಕಳಿಸಿ. ಮೊಬೈಲ್ ನೋಡಬೇಡಿ. ನೋಡಿ ಬರೆದರೆ ನನಗೆ ಗೊತ್ತಾಗುತ್ತದೆ.

ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ. ನನ್ನ ತಂದೆಗೆ ಎಪ್ಪತ್ತೆಂಟು ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಅವರ ಮನೆ ಇದೆ. ಇಂಥ ಕಡೆ ಇಂಥ ವಯಸ್ಸಿನಲ್ಲಿ ವಾರಸುದಾರರು ಇದ್ದಕ್ಕಿದ್ದಂತೆ ಹುಟ್ಟಿಕೊಳ್ಳುವುದನ್ನು ಬ್ಯಾಂಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಧನಂಜಯ್ ಅವರ ಆಸ್ತಿಯ ಮೇಲೆ ನನಗಿರುವ ಯಾವುದೇ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ನೀವು ಒಪ್ಪುವ ಮಾತು ಆ ಕಾಗದದಲ್ಲಿದೆ. ಬರೀ ಮುಖ ತೋರಿಸುವುದಕ್ಕೆ ಬರುವವರಿಗೆ ಸಹಿ ಹಾಕಲು ಕಷ್ಟವಾಗಬಾರದು.

ಇಂತಿ,
ಬೃಂದಾ ಧನಂಜಯ್

*

ರಾಯ್
೨೫ ಏಪ್ರಿಲ್ ೨೦೨೫

ಬೃಂದಾ ಮೇಡಂ ಅವರಿಗೆ,

ಮೊದಲು ಆ ಕಾಗದದ ವಿಷಯ. ನಾಲ್ಕು ದಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಸಹಿ ಹಾಕಲಿಲ್ಲ, ವಾಪಸು ಕಳಿಸಿದ್ದೇನೆ. ನನ್ನದಲ್ಲದ್ದನ್ನು ಬಿಟ್ಟೆ ಎಂದು ಹೇಗೆ ಬರೆಯಲಿ? ಹಾಗೆ ಬರೆದರೆ ಒಂದು ಕಾಲದಲ್ಲಿ ನನ್ನದಾಗಿತ್ತು ಎಂದಾಗುತ್ತದೆ. ಏನೂ ಕೇಳಬೇಡ ಎಂದು ಅಮ್ಮ ಹೇಳಿದ್ದಾರೆ. ನಿಮಗೆ ಇದರಿಂದ ಇನ್ನೂ ಸಂಶಯ ಬರುತ್ತದೆ ಎಂದು ಗೊತ್ತು.

ಇನ್ನು ಕಥೆ. ಮಾಮ ಹೇಳಿದ ಹಾಗೇ ಬರೆಯುತ್ತೇನೆ. ಹೆಸರುಗಳು ತಪ್ಪಿರಬಹುದು.

ಭೂಮಿಯ ಮೇಲೆ ಇಲಾಹೇವಾ ಎಂಬ ಹುಡುಗಿ ಇದ್ದಳಂತೆ. ಸಮುದ್ರದ ದಡದಲ್ಲಿ ಚಿಪ್ಪು ಹೆಕ್ಕುವವಳು. ಆಕಾಶದ ದೊರೆ ತಂಗಲೋವಾ ಒಂದು ಎತ್ತರದ ಮರದ ಮೂಲಕ ಇಳಿದು ಬಂದು ಅವಳ ಜೊತೆ ಇದ್ದು ಹೋಗುತ್ತಿದ್ದ. ಆ ಮರ ಸರ್ವೇ ಮರ. ನಮ್ಮ ಊರಿಗೆ ಆ ವರ್ಷ ರಸ್ತೆ ಅಗಲ ಮಾಡಲಿಕ್ಕೆ ಸರ್ವೇಯವರು ಬಂದಿದ್ದರು. ದಾರಿ ಬದಿಯ ಮರಗಳಿಗೆಲ್ಲ ಬಿಳಿ ಪಟ್ಟೆ ಬಳಿದು ಕಪ್ಪು ಬಣ್ಣದಲ್ಲಿ ನಂಬರು ಬರೆದಿದ್ದರು. ಹಾಗಾಗಿ ಆಕಾಶಕ್ಕೆ ಹೋಗುವ ಮರದ ಮೇಲೂ ಒಂದು ನಂಬರು ಇರುತ್ತದೆ, ಅದು ಗೊತ್ತಿದ್ದವರಿಗೆ ಮಾತ್ರ ಮರ ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಮಾಮನನ್ನು ನಂಬರು ಕೇಳಿದ್ದಕ್ಕೆ ತುಂಬ ನಕ್ಕರು, ಹೇಳಲಿಲ್ಲ.

ಇಲಾಹೇವಾಗೆ ಮಗ ಹುಟ್ಟಿದ. ದೊರೆ ಮೇಲಿನಿಂದ ಗೆಣಸು ನೆಡಲಿಕ್ಕೆ ಒಂದು ಮುದ್ದೆ ಮಣ್ಣು ಕಳಿಸಿದ. ತಾನು ಬರಲಿಲ್ಲ. ಮಗನ ಹೆಸರು ಅಹೊಎಯಿತು. ನನ್ನ ಬಾಯಲ್ಲಿ ಅದು ಆ-ಹೋಯಿತು ಎಂದೇ ಬರುತ್ತಿತ್ತು. ಮಾಮ, "ಹೋಯಿತು ಅಂತ ಹೆಸರು ಇಟ್ಕೊಂಡೋನು ತಿರುಗಿ ಬಂದ ನೋಡು" ಎನ್ನುತ್ತಿದ್ದರು.

ಹುಡುಗ ದೊಡ್ಡವನಾಗಿ ಅಪ್ಪ ಎಲ್ಲಿ ಎಂದು ಕೇಳಿದ. ತಾಯಿ ಮೈಗೆ ಎಣ್ಣೆ ಹಚ್ಚಿ, ಹೊಸ ಬಟ್ಟೆ ಉಡಿಸಿ, ಮರ ತೋರಿಸಿದಳು. ಹತ್ತಿ ಹೋದ. ಮೇಲೆ ದೊರೆ ಪಾರಿವಾಳ ಹಿಡಿಯುತ್ತಿದ್ದ. ಯಾರೋ ದೊಡ್ಡ ಮನುಷ್ಯ ಬಂದ ಎಂದು ದೊರೆಯೇ ಕೆಳಗೆ ಕೂತನಂತೆ. ಆಮೇಲೆ ಗೊತ್ತಾಗಿ ಮೂಗಿಗೆ ಮೂಗು ಒತ್ತಿ ಅತ್ತನಂತೆ.

ಮೇಲೆ ದೊರೆಗೆ ಬೇರೆ ಹೆಂಡತಿ, ಐದು ಗಂಡು ಮಕ್ಕಳು. ಅವರು ಆಡುತ್ತಿದ್ದಲ್ಲಿಗೆ ಇವನನ್ನು ಕಳಿಸಿದ. ಜನ ಎಲ್ಲ ಇವನನ್ನೇ ನೋಡಿದರು, ಇವನನ್ನೇ ಹೊಗಳಿದರು. ಅಣ್ಣಂದಿರಿಗೆ ಹೊಟ್ಟೆಕಿಚ್ಚಾಯಿತು. ಇವನನ್ನು ಕೊಂದು ತಿಂದುಬಿಟ್ಟರು. ತಲೆಯನ್ನು ಪೊದೆಗೆ ಎಸೆದರು. ಊಟಕ್ಕೆ ಕರೆದರೆ ಹುಡುಗ ಇಲ್ಲ. ದೊರೆಗೆ ಅನುಮಾನ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮರದ ದೊಡ್ಡ ಬೋಗುಣಿ ತರಿಸಿ, ಕಕ್ಕಿ ಎಂದ. ಕಕ್ಕಿದರು. ಪೊದೆಯಿಂದ ತಲೆಯನ್ನೂ ತಂದು ಸೇರಿಸಿದರು. ಆದರೂ ಒಂದು ಕಿರುಬೆರಳು ಕಡಿಮೆ ಇತ್ತು.

ಅಲ್ಲಿ ಒಬ್ಬಳು ಅಕ್ಕ ಇದ್ದಳು. ಅಣ್ಣಂದಿರು ಅವಳಿಗೂ ಪಾಲು ಕೊಟ್ಟಿದ್ದರು, ಕಿರುಬೆರಳು. ಅವಳು ಬೇಡ ಎನ್ನಲಿಲ್ಲ, ಎಂದಿದ್ದರೆ ಅವಳನ್ನೂ ಕೊಲ್ಲುತ್ತಿದ್ದರು. ಬಾಯಲ್ಲಿಟ್ಟುಕೊಂಡಳು, ನುಂಗಲಿಲ್ಲ. ಎಲ್ಲರೂ ಕಕ್ಕಿದ ಮೇಲೆ ಮುಂದೆ ಬಂದು ಬಾಯಿ ತೆರೆದು ಬೆರಳನ್ನು ಬೋಗುಣಿಗೆ ಹಾಕಿದಳು. ನೀರು ಹೊಯ್ದು ಎಲೆ ಮುಚ್ಚಿಟ್ಟರು. ಹುಡುಗ ಎದ್ದು ಕೂತ. ಅಕ್ಕನ ಹೆಸರು ಬಿಂದಿ. ಬೇರೆಲ್ಲ ಹೆಸರು ಬಾಯಿಗೆ ಬಾರದಂಥವು, ಇದೊಂದು ಮಾತ್ರ ಸುಲಭ. ಟೋಂಗಾದಲ್ಲಿ ಅಂಥ ಹೆಸರು ಇರುತ್ತದೋ ಏನೋ.

ಕೊನೆಗೆ ದೊರೆ ದೊಡ್ಡ ಮಗನಿಗೆ ಹೇಳಿದ: ಪಟ್ಟ ನಿನಗೆ ಬರಬೇಕಿತ್ತು, ಕೊಂದ ಕೈಗೆ ಪಟ್ಟ ಇಲ್ಲ. ಕಿರಿಯವನು ಭೂಮಿಗೆ ಹೋಗಿ ಟೋಂಗಾದ ಮೊದಲ ರಾಜ ಆಗಲಿ. ನೀವು ಐದೂ ಜನ ಹೋಗಿ ಅವನ ಸೇವೆ ಮಾಡಿ. ಅವನ ಸಂತಾನ ನಿಂತುಹೋದರೆ ಆಗ ನಿನ್ನ ಸಂತಾನಕ್ಕೆ ಪಟ್ಟ.

ಇಷ್ಟೇ ಕಥೆ. ನನಗೆ ರಾಜನಿಗಿಂತ ಆ ಅಕ್ಕ ಇಷ್ಟ. ಶಾಲೆಯಲ್ಲಿ ಅಪ್ಪ ಯಾರು ಎಂದು ಕೆಣಕುತ್ತಿದ್ದವರಿಗೆ, "ಬಿಂದಿ ಅಕ್ಕನಿಗೆ ಹೇಳ್ತೇನೆ ನೋಡಿ" ಎಂದು ಹೆದರಿಸುತ್ತಿದ್ದೆ. ಯಾರೂ ಹೆದರಲಿಲ್ಲ.

ನಿಮ್ಮ,
ರಾನ್ಸನ್

*

ಅಬು ಹಲೀಫಾ
೩೦ ಮೇ ೨೦೨೫

ಶ್ರೀ ರಾನ್ಸನ್ ಅವರಿಗೆ,

ನಿಮ್ಮ ಕಾಗದವನ್ನು ನನ್ನ ತಂದೆಗೆ ಓದಿ ಹೇಳಿದೆ. ಅವರಿಗೆ ಇನೆಜ್ ಎಂಬುವವರ ಪರಿಚಯವಿಲ್ಲವಂತೆ. ಉದ್ಯಾವರಕ್ಕೆ ಅವರು ಹೋಗಿಯೇ ಇಲ್ಲವಂತೆ. ನಿಮ್ಮನ್ನು ನೋಡುವ ಇಚ್ಛೆ ತಮಗಿಲ್ಲ ಎಂದು ಹೇಳಿದರು.

ಕಥೆಯೂ ತಪ್ಪು. ಟೋಂಗಾದ ರಾಜವಂಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಮರ, ಪಾರಿವಾಳ, ಐದು ಜನ ಅಣ್ಣಂದಿರು, ಬೋಗುಣಿ, ಪಟ್ಟದ ಮಾತು ಎಲ್ಲ ಇವೆ. ಯಾರು ಬೇಕಾದರೂ ಓದಿಕೊಳ್ಳಬಹುದು. ಅಕ್ಕ ಎಲ್ಲೂ ಇಲ್ಲ. ಕಿರುಬೆರಳೂ ಇಲ್ಲ. ಸರ್ವೇ ಮರ ಎಂಬ ಮರವಂತೂ ಪ್ರಪಂಚದಲ್ಲೇ ಇಲ್ಲ. ನನ್ನನ್ನು ಕರಗಿಸಲೆಂದು ಅಕ್ಕನನ್ನು ಸೇರಿಸಿದ್ದೀರಿ.

ಸಹಿಯನ್ನೂ ಹಾಕಿಲ್ಲ. ಇನ್ನು ಬರೆಯಬೇಡಿ.

ಬೃಂದಾ ಧನಂಜಯ್

*

ರಾಯ್
೧೯ ಸೆಪ್ಟೆಂಬರ್ ೨೦೨೫

ಬೃಂದಾ ಮೇಡಂ,

ಬರೆಯಬೇಡಿ ಎಂದಿರಿ, ಬರೆಯಲಿಲ್ಲ. ಬೇಸಗೆ ಪೂರ್ತಿ ಸುಮ್ಮನಿದ್ದೆ. ತಗಡಿನ ಮಾಡಿನ ಕೆಳಗೆ ಐವತ್ತು ಡಿಗ್ರಿಯಲ್ಲಿ ಸ್ಪಂಜು ಕತ್ತರಿಸುತ್ತಾ ಒಂದೇ ವಿಷಯ ಯೋಚಿಸಿದೆ. ಮಾಮ ನನ್ನ ಹೆಸರು ಕೇಳಿ ಬೇಡ ಎಂದರಲ್ಲ, ನಾನು ಏನು ತಪ್ಪು ಮಾಡಿದೆ? ಐದು ವರ್ಷದಲ್ಲಿ ಮರದ ನಂಬರು ಕೇಳಿದ್ದು ತಪ್ಪಾಯಿತೋ? ಅದಕ್ಕೇ ನಾಲ್ಕನೇ ಸಲ ಬರಲಿಲ್ಲವೋ? ನಗಬೇಡಿ. ಅಂಥದ್ದೆಲ್ಲ ತಲೆಯಲ್ಲಿ ಬರುತ್ತದೆ.

ನಮ್ಮ ಧಣಿ, ಕಫೀಲ್, ವರ್ಕ್‌ಶಾಪು ಮುಚ್ಚುತ್ತಿದ್ದಾರೆ. ನನ್ನದು ವೀಸಾ, ಇಕಾಮಾ ಎಲ್ಲ ಕ್ಯಾನ್ಸಲ್ ಆಗಿ ಅಕ್ಟೋಬರ್ ಹತ್ತಕ್ಕೆ ಊರಿಗೆ ಟಿಕೆಟು. ಹೋಗುವ ಮೊದಲು ಮೊಯ್ದೀನ್ ಕುಂಞಿಯವರಿಗೆ ಹೇಳಿ ಹೋಗೋಣ ಎಂದು ಮೊನ್ನೆ ಬಕಾಲಾಗೆ ಬಂದಿದ್ದೆ. ಇಷ್ಟು ತಿಂಗಳು ನಮ್ಮ ಕಾಗದ ತಂದುಕೊಟ್ಟವರು, ಒಂದು ಮಾತು ಕೇಳಿದವರಲ್ಲ. ನಾನೇ ಬಾಯಿ ತಪ್ಪಿ, ಸಾರ್ ನನ್ನನ್ನು ನೋಡುವುದಿಲ್ಲ ಎಂದರಂತೆ ಎಂದೆ. ಅವರು ತಕ್ಕಡಿ ಹಾಗೇ ಬಿಟ್ಟು ನನ್ನ ಮುಖ ನೋಡಿದರು.

"ಎಂತ ಹೇಳುದು ಮಾರಾಯ? ಸಾರಿಗೆ ಬಾಯಿ ಹೋಗಿ ಹತ್ತು ತಿಂಗಳಾಯ್ತಲ್ಲ. ನವೆಂಬರಿಂದ ಒಂದು ಅಕ್ಷರ ಮಾತಾಡ್ಲಿಕ್ಕೆ ಆಗುದಿಲ್ಲ ಅವರಿಗೆ. ಬಲಗೈಯೂ ಏಳುದಿಲ್ಲ."

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಒಂದೇ. ಮಾತು ಬಾರದವರು ನನ್ನನ್ನು ನೋಡುವುದಿಲ್ಲ ಎಂದು ನಿಮಗೆ ಹೇಗೆ ಹೇಳಿದರು?

ನೀವು ನನ್ನ ಅಕ್ಷರದಿಂದ ಹಿಡಿದು ಅಮ್ಮನ ತನಕ ಎಲ್ಲವನ್ನೂ ಸಂಶಯದಿಂದ ನೋಡಿದಿರಿ. ನಾನು ನಿಮ್ಮ ಒಂದು ಮಾತನ್ನೂ ಸಂಶಯಪಡಲಿಲ್ಲ. ನಾಲ್ಕು ತಿಂಗಳು ನಂಬಿಕೊಂಡು ಕೂತೆ. ಅದು ಹೊಟ್ಟೆ ಉರಿಸುತ್ತದೆ ನನಗೆ.

ನೀವು ಈಗ ಕರೆದರೂ ನಾನು ಆ ಲಿಫ್ಟು ಹತ್ತುವುದಿಲ್ಲ. ನಿಮ್ಮ ಬಾಗಿಲು ಬಡಿದು ನಿಮ್ಮ ಮುಖ ನೋಡಲು ನನ್ನಿಂದಾಗದು. ಸಾರ್ ಅವರಿಗೆ ಗುಣವಾಗಲಿ ಎಂದು ಪೂಜೆಯಲ್ಲಿ ಬೇಡಿಕೊಂಡಿದ್ದೇನೆ. ಖಲಾಸ್.

ರಾನ್ಸನ್

*

ರಾಯ್
೩ ಅಕ್ಟೋಬರ್ ೨೦೨೫, ಶುಕ್ರವಾರ

ರಾನ್ಸನ್,

ಇದನ್ನು ಕಾರಿನ ಸ್ಟಿಯರಿಂಗ್ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ. ಹಾಗಾಗಿ ಅಸಲಿ ಎಂದು ನಂಬಬಹುದು.

ನಿನ್ನ ಪ್ರಶ್ನೆಗೆ ಉತ್ತರ: ಅವರು ಹೇಳಲಿಲ್ಲ. ನಾನು ಸುಳ್ಳು ಬರೆದೆ. ಕಳೆದ ನವೆಂಬರಿನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಮಾತು ಹೋಯಿತು. ಅವರ ಹೆಸರಿನಲ್ಲಿ ಏನು ಬೇಕಾದರೂ ಹೇಳುವ ಅಧಿಕಾರ ತಾನಾಗಿ ನನ್ನ ಕೈಗೆ ಬಂತು. ಬ್ಯಾಂಕಿನಲ್ಲಿ ಬೇರೆಯವರ ಸಹಿ ಹಾಕುವವರನ್ನು ಹಿಡಿದುಕೊಡುವವಳು ನಾನು, ಮನೆಯಲ್ಲಿ ಅಪ್ಪನ ಸಹಿಯನ್ನು ನಾನೇ ಹಾಕಿದೆ.

ಸುಳ್ಳು ಬರೆಯುವ ಮೊದಲು ಏನಾಯಿತು ಎಂದು ಹೇಳಬೇಕು. ಹೇಳದಿದ್ದರೆ ಇದೂ ಅರ್ಧ ಸುಳ್ಳಾಗುತ್ತದೆ.

ನಿನ್ನ ಕಥೆಯ ಕಾಗದ ಬಂದ ಮಧ್ಯಾಹ್ನ ಅಪ್ಪನನ್ನು ಕಿಟಕಿಯ ಹತ್ತಿರ ಕೂರಿಸಿ ಓದಿದೆ. ಮನಸ್ಸಿನಲ್ಲಿದ್ದದ್ದು ಪರೀಕ್ಷೆ. ಮುಖ ನೋಡುತ್ತಾ ಓದಿದರೆ ಅಪ್ಪನಿಗೆ ನೀನು ಯಾರೆಂದು ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದುಕೊಂಡೆ. ಸರ್ವೇ ಮರ ಬಂತು. ನನಗೆ ಅರ್ಥವಾಗಲಿಲ್ಲ, ಮುಂದೆ ಓದಿದೆ. ಬಿಳಿ ಪಟ್ಟೆ, ಕಪ್ಪು ನಂಬರು. ಅಷ್ಟರಲ್ಲಿ ಅಪ್ಪ ನಕ್ಕರು. ಅರ್ಧ ಬಾಯಿಯಲ್ಲಿ, ಸದ್ದು ಮಾಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಆಮೇಲೆ ನನಗೆ ಹೊಳೆಯಿತು. ನಮ್ಮ ಕಡೆ ಅದನ್ನು ಸರ್ವೆ ಮರ ಅನ್ನುತ್ತಾರೆ. ಮನೆ ಕಟ್ಟುವಾಗ ಸಾರುವೆಗೆ ಅದರ ಕಂಬವನ್ನೇ ನಿಲ್ಲಿಸುವುದು. ನಿಮ್ಮ ಸಮುದ್ರದ ದಡದಲ್ಲಿ ಸಾಲಾಗಿ ನಿಂತಿರುತ್ತದಲ್ಲ, ಗಾಳಿ ಮರ, ಅದೇ ಅದು. ನೀನು ಅದರ ನೆರಳಲ್ಲೇ ಕೂತು ಅದರದೇ ಕಥೆ ಕೇಳಿದೆ, ನಿನಗೆ ತಿಳಿಯಲಿಲ್ಲ. ನಿನ್ನ ತಾಯಿ ಹೇಳಿದ್ದರೆ ಗಾಳಿ ಮರ ಅನ್ನುತ್ತಿದ್ದರು. ನೀನು ಮೊಬೈಲಿನಲ್ಲಿ ಓದಿದ್ದರೆ ಇನ್ನೇನೋ ಬರೆಯುತ್ತಿದ್ದೆ. ಸರ್ವೆ ಎಂದು ಮಂಡ್ಯದ ಬಾಯಿ ಹೇಳಿ, ಅದನ್ನು ಉದ್ಯಾವರದ ಐದು ವರ್ಷದ ಮಗು ಕೇಳಿಸಿಕೊಂಡರೆ ಮಾತ್ರ ಸರ್ವೇ ಆಗುವುದು. ಈ ತಪ್ಪನ್ನು ಯಾವ ಮೋಸಗಾರನೂ ಕಟ್ಟಲಾರ. ಆ ದಿನವೇ ನನಗೆ ಎಲ್ಲ ಗೊತ್ತಾಯಿತು.

ಮತ್ತೆ ಏಕೆ ಸುಳ್ಳು ಬರೆದೆ? ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನವೆಂಬರಿನಿಂದ ಅಪ್ಪನ ಬಾಯಿಂದ ಒಂದು ಸದ್ದು ಹೊರಡಿಸುವುದಕ್ಕೆ ನಾನು ಪಡದ ಪಾಡಿಲ್ಲ. ಥೆರಪಿಯವರ ಜೊತೆ ಆ ಆ ಎಂದು ಕೂಗಿದ್ದೇನೆ, ಹಳೇ ಹಾಡು ಹಾಕಿದ್ದೇನೆ, ನನ್ನ ಹೆಸರು ಹೇಳಿ ಹೇಳಿ ಎಂದು ಗೋಗರೆದಿದ್ದೇನೆ. ನನಗೆ ಸಿಗದ ನಗು ನಿನ್ನ ಒಂದು ದಡ್ಡತನಕ್ಕೆ ಸಿಕ್ಕಿತು. ಕಾಗದ ಮಡಚಿಟ್ಟೆ. ಅಪ್ಪ ಇನ್ನೂ ಓದು ಎಂದು ಎಡಗೈಯಿಂದ ತೋಳು ತಟ್ಟಿದರು. ಓದಲಿಲ್ಲ.

ಅಮ್ಮನದೂ ಒಂದು ಮಾತಿದೆ. ನಾನು ಹೈಸ್ಕೂಲಿಗೆ ಬಂದ ಮೇಲೆ ಅಪ್ಪ ಯಾವಾಗ ಟೋಂಗಾ ಎಂದರೂ ಅಮ್ಮ ಎದ್ದು ಹೋಗಿ ಮಿಕ್ಸಿ ಹಾಕುತ್ತಿದ್ದಳು. ಅರೆಯುವುದಕ್ಕೆ ಒಳಗೆ ಏನೂ ಇರುತ್ತಿರಲಿಲ್ಲ. ತಿನ್ನುವ ಕಥೆ ಕೇಳಲಾರದೆ ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಅದು ತೊಂಬತ್ತಾರರ ಆಚೆಗಿನ ಮಾತು. ಅವಳಿಗೆ ಗೊತ್ತಿತ್ತು. ಅಪ್ಪ ನಾಲ್ಕನೇ ಸಲ ಬಾರದೆ ಹೋದದ್ದು ಮರದ ನಂಬರು ಕೇಳಿದ್ದಕ್ಕಲ್ಲ. ನಿನ್ನ ತಪ್ಪು ಅದರಲ್ಲಿ ಏನೂ ಇಲ್ಲ. ಇದನ್ನು ಎರಡು ಸಲ ಓದಿಕೋ.

ಕಥೆಯಲ್ಲಿ ಅಕ್ಕ ಇಲ್ಲ ಎಂದು ಬರೆದಿದ್ದೆ. ಟೋಂಗಾದಲ್ಲಿ ಇಲ್ಲ, ಅದು ನಿಜ. ಅಲ್ಲಿ ಅಣ್ಣತಮ್ಮಂದಿರಿಗಿಂತ ಅಕ್ಕತಂಗಿಯರದೇ ಮೇಲಿನ ಸ್ಥಾನವಂತೆ, ರಾಜನಿಗಿಂತಲೂ ಅವನ ಸೋದರಿಗೆ ಮಾನ ಹೆಚ್ಚಂತೆ, ಆದರೂ ಈ ಕಥೆಯಲ್ಲಿ ಅವಳಿಲ್ಲ. ಅಪ್ಪ ಸೇರಿಸಿದ್ದು. ಯುದ್ಧಕ್ಕೆ ಮುಂಚಿನ ವರ್ಷ, ಫಹಾಹೀಲಿನ ಮನೆಯಲ್ಲಿ ಆರು ವರ್ಷದ ಒಬ್ಬಳು ಹುಡುಗಿ ಈ ಕಥೆ ಕೇಳಿ ಹೋ ಎಂದು ಅತ್ತಳು. "ಅವ್ನಿಗೆ ಅಕ್ಕ ಇರ್ಲಿಲ್ವಾ ಅಪ್ಪಾ?" ಎಂದು ಕೇಳಿದಳು. ಅಪ್ಪ ಸ್ವಲ್ಪ ಯೋಚಿಸಿ, "ಇದ್ಲು ಕಣೇ, ಹೇಳೋದೇ ಮರ್ತೆ" ಎಂದರು. ಕಿರುಬೆರಳು ಅಂದು ಹುಟ್ಟಿತು. ಹೆಸರೂ ಅಂದೇ ಇಟ್ಟರು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವರು ಇಬ್ಬರು. ಅಮ್ಮ ಹೋದಳು, ಅಪ್ಪನಿಗೆ ಮಾತಿಲ್ಲ. ಹೆಸರು ಸತ್ತೇಹೋಯಿತು ಎಂದುಕೊಂಡಿದ್ದೆ. ಅದು ಉದ್ಯಾವರದ ಶಾಲೆಯಲ್ಲಿ ಒಬ್ಬ ಹುಡುಗನಿಗಾಗಿ ಜಗಳವಾಡಲು ಹೋಗುತ್ತಿತ್ತು ಎಂದು ನಿನ್ನ ಕಾಗದದಿಂದ ತಿಳಿಯಿತು. ಆ ಸಾಲನ್ನು ಓದಿಯೂ ನಿನಗೆ ಮೇ ತಿಂಗಳ ಆ ಉತ್ತರ ಬರೆದೆನಲ್ಲ, ಅದಕ್ಕೆ ನೀನು ನನ್ನನ್ನು ಕ್ಷಮಿಸಬೇಕಿಲ್ಲ.

ನಾನು ಕಥೆಯ ಅಕ್ಕನಷ್ಟು ಒಳ್ಳೆಯವಳಲ್ಲ. ನುಂಗಿಯೇಬಿಡುತ್ತಿದ್ದೆ. ಐದು ತಿಂಗಳು ಬಾಯಲ್ಲಿಟ್ಟುಕೊಂಡು ತಿರುಗಿದ್ದೇನೆ, ಈಗ ತೆರೆದಿದ್ದೇನೆ. ಆ ಹಕ್ಕು ಬಿಡುಗಡೆಯ ಕಾಗದವನ್ನು ಹರಿದು ಹಾಕಿದೆ. ಅದನ್ನು ನಿನ್ನಿಂದ ಕೇಳಿದ್ದಕ್ಕೆ ನಾಚಿಕೆಯಾಗುತ್ತದೆ.

ನೀನು ನಮ್ಮ ಲಿಫ್ಟು ಹತ್ತುವುದಿಲ್ಲ ಎಂದಿದ್ದೀಯ. ಸರಿ. ಮರ ಹತ್ತಿ ಬರುವ ಕೆಲಸ ನಿನಗೆ ಬೇಡ, ನಿನಗೆ ಯಾರೂ ನಂಬರು ಹೇಳಲೇ ಇಲ್ಲ. ನಿನ್ನ ವರ್ಕ್‌ಶಾಪಿನ ಕೆಳಗೆ, ಸ್ಪಂಜಿನ ಗುಡ್ಡೆಯ ಪಕ್ಕದಲ್ಲಿ ಒಂದು ಬಿಳಿ ಕಾರು ನಿಂತಿದೆ. ಮುಂದಿನ ಸೀಟಿನಲ್ಲಿ ಅಪ್ಪ ಇದ್ದಾರೆ. ಬೆಳಿಗ್ಗೆ ಎಣ್ಣೆ ಹಚ್ಚಿ ತಲೆ ಬಾಚಿ ಹೊಸ ಅಂಗಿ ಹಾಕಿದ್ದೇನೆ. ಎಲ್ಲಿಗೆ ಎಂದು ಹೇಳಿದ ಮೇಲೆ ಎಡಗೈಯಲ್ಲಿ ಸೀಟ್ ಬೆಲ್ಟನ್ನು ತಾವೇ ಎಳೆದುಕೊಂಡರು. ಮೊಯ್ದೀನ್ ಕುಂಞಿಯವರು ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದಾರೆ, ಈ ಕಾಗದ ಮೇಲಕ್ಕೆ ತರುವವರು ಅವರೇ. ಓದಿ ಮುಗಿಸು, ನಾವು ಕಾಯುತ್ತೇವೆ. ನನ್ನ ಮುಖ ನೋಡಬೇಡ ಎಂದರೆ ನಾನು ಇಳಿದು ರಸ್ತೆಯ ಆಚೆ ನಿಲ್ಲುತ್ತೇನೆ. ನೀನು ಅಪ್ಪನ ಹತ್ತಿರ ಹೋಗು.

ನಿನ್ನ ಅಕ್ಕ,
ಬಿಂದಿ